ಹಳೇ ಕಂಪ್ಯೂಟರಿಗೆ ಹಳೇ ಆಟವೇ ಸರಿ



ಈ ತಿಂಗಳ ಭಿತ್ತಿಪತ್ರಿಕೆಗೆ ಒಂದು ವಿಚಾರಪೂರ್ಣ ಲೇಖನ ಬೇಕು, ಪರಿಸರ ಮಾಲಿನ್ಯದ ಬಗ್ಗೆ ಬರೆದುಕೊಡು ಎಂದು ಸಂಪಾದಕ ಮಂಡಳಿಯವರು ಕೇಳಿದರು. ಪರಿಸರದ ಮೇಲೆ ಹೋದ ತಿಂಗಳೇ ಮೂರು ಲೇಖನ ಬಂದವು. ನಾಲ್ಕನೆಯದನ್ನು ಓದುವುದಕ್ಕೆ ಈ ಗೋಡೆಯ ಮುಂದೆ ಯಾರೂ ನಿಲ್ಲೋದಿಲ್ಲ. ಅದಕ್ಕೇ ನಾನು ನಮ್ಮ ಕಂಪ್ಯೂಟರ್ ಕೋಣೆಯ ಬಗ್ಗೆ ಬರೆಯುತ್ತಿದ್ದೇನೆ. ಇದು ನನ್ನ ಸ್ವಂತ ಅಭಿಪ್ರಾಯ, ಸಂಪಾದಕರದ್ದಲ್ಲ. ಬೈಯುವವರು ನನ್ನನ್ನೇ ಬೈಯಿರಿ.

ಕೋಣೆಯಲ್ಲಿ ಏಳು ಕಂಪ್ಯೂಟರುಗಳಿವೆ. ನಾಲ್ಕು ಆನ್ ಆಗುತ್ತವೆ. ಉಳಿದ ಮೂರರ ಮೇಲೆ ಚುನಾವಣೆ ಕಾಲದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ. 'ಇವೆಲ್ಲ ತುಂಬಾ ಹಳೆಯವು, ಈಗಿನ ಯಾವ ಪ್ರೋಗ್ರಾಮೂ ಇವುಗಳಲ್ಲಿ ಓಡಲ್ಲ, ಗುಜರಿಗೆ ಹಾಕಿಬಿಡೋಣ' ಎಂಬ ಮಾತು ಎಸ್.ಡಿ.ಎಂ.ಸಿ. ಸಭೆಯಲ್ಲಿ ಬಂತಂತೆ. ಓಡುವ ನಾಲ್ಕನ್ನೂ ಸೇರಿಸಿ ಗುಜರಿಗೆ! ಎತ್ತಿಗೆ ವಯಸ್ಸಾಯಿತು, ನೇಗಿಲಿಗೆ ಬರಲ್ಲ ಅಂತ ಗಾಡಿಗೂ ಕಟ್ಟದೆ ಮಾರಿದ ಹಾಗಾಯಿತು ಇದು. ನನ್ನ ಸಲಹೆ ಹೀಗಿದೆ. ಆ ನಾಲ್ಕನ್ನು ಉಳಿಸಿಕೊಳ್ಳಬೇಕು. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಒಂದು ಗಂಟೆ ಬೀಗ ತೆಗೆಯಬೇಕು. ಅವುಗಳಲ್ಲಿ ಮೊಟ್ಟಮೊದಲು 'ಸ್ಕಾರ್ಚ್ಡ್ ಅರ್ತ್' ಎಂಬ ಹಳೇ ಯುದ್ಧದಾಟವನ್ನು ಹಾಕಬೇಕು.

ಆಟ ಅಂದ ಕೂಡಲೇ ಗುರುಗಳ ಹುಬ್ಬು ಮೇಲೇರಿದ್ದು ನನಗೆ ಕಾಣುತ್ತಿದೆ. ದಯಮಾಡಿ ಪೂರ್ತಿ ಓದಿ.

ಈ ಆಟವನ್ನು ಅಮೆರಿಕದ ವೆಂಡೆಲ್ ಹಿಕೆನ್ ಎಂಬುವರು ಬರೆದದ್ದು 1991ರಲ್ಲಿ. ಕೊನೆಯ ಆವೃತ್ತಿ 1.5 ಬಂದದ್ದು 1995ರಲ್ಲಿ. ನಾವು ಯಾರೂ ಹುಟ್ಟಿರಲಿಲ್ಲ. ಇಡೀ ಆಟ ಒಂದು ಫ್ಲಾಪಿಯೊಳಗೆ ಹಿಡಿಸುತ್ತದೆ. ಫ್ಲಾಪಿ ಅಂದರೆ ಬರೀ 1.44 ಎಂ.ಬಿ.; ಈಗ ನಿಮ್ಮ ಅಣ್ಣ ಫೋನಿನಲ್ಲಿ ತೆಗೆಯುವ ಒಂದು ಫೋಟೋ ಅದರಲ್ಲಿ ಹಿಡಿಸಲಾರದು. ಪರದೆಯ ಮೇಲೆ ಗುಡ್ಡ, ಹಳ್ಳ, ದಿಬ್ಬ. ಅಲ್ಲಲ್ಲಿ ಕಡ್ಡಿಪೆಟ್ಟಿಗೆಗಿಂತ ಚಿಕ್ಕ ಟ್ಯಾಂಕುಗಳು. ನಿಮ್ಮ ಸರದಿ ಬಂದಾಗ ಎಡ ಬಲ ಬಾಣದ ಕೀಲಿಯಿಂದ ಕೊಳವೆಯ ಕೋನ ಸರಿಮಾಡಬೇಕು, ಮೇಲೆ ಕೆಳಗೆ ಬಾಣದಿಂದ ಶಕ್ತಿ ಹೆಚ್ಚು ಕಡಿಮೆ ಮಾಡಬೇಕು, ಸ್ಪೇಸ್ ಒತ್ತಿದರೆ ಗುಂಡು ಹಾರುತ್ತದೆ. ಗುಂಡು ಬಿದ್ದಲ್ಲಿ ನೆಲ ಗುಳಿ ಬೀಳುತ್ತದೆ, ಮೇಲಿನ ಮಣ್ಣು ಕುಸಿಯುತ್ತದೆ. ಗಾಳಿ ಯಾವ ಕಡೆಗೆ, ಎಷ್ಟು ಜೋರು ಎಂದು ಮೇಲೆ ತೋರಿಸುತ್ತಿರುತ್ತದೆ. ಇಷ್ಟೇ. ಕಥೆ ಇಲ್ಲ, ರಕ್ತ ಇಲ್ಲ, ಓಡುವುದು ಹಾರುವುದು ಇಲ್ಲ. ಒಂದೇ ಕಂಪ್ಯೂಟರಿನಲ್ಲಿ ಹತ್ತು ಜನ ಸರದಿಯ ಮೇಲೆ ಆಡಬಹುದು. ನಾಲ್ಕು ಕಂಪ್ಯೂಟರಿಗೆ ನಲವತ್ತು ಜನ, ಅಂದರೆ ನಮ್ಮ ಇಡೀ ತರಗತಿ. ಇಂಟರ್ನೆಟ್ಟೂ ಬೇಡ. ಈಗಿನ ಯಾವ ಆಟ ಈ ಕೆಲಸ ಮಾಡುತ್ತದೆ ಹೇಳಿ ನೋಡೋಣ.

ಹುಡುಗರಲ್ಲಿ ಕೆಲವರು 'ಇದು ಆಂಗ್ರಿ ಬರ್ಡ್ಸ್ ಅಲ್ವೇನೇ' ಅಂದರು. ಹೌದು ಕಣ್ರೋ, ಅದೇ ಜಾತಿ. ಆದರೆ ಆಂಗ್ರಿ ಬರ್ಡ್ಸ್ ಬಂದದ್ದು 2009ರಲ್ಲಿ, ಇದು ಅದಕ್ಕಿಂತ 18 ವರ್ಷ ಹಿರಿಯದು. ಅಲ್ಲಿ ಬೆರಳಿನಿಂದ ಎಳೆದು ಬಿಟ್ಟರೆ ಆಯಿತು, ಎಷ್ಟು ಡಿಗ್ರಿ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಸಂಖ್ಯೆ ಕಣ್ಣೆದುರಿಗೇ ಇರುತ್ತದೆ.

ಇನ್ನು ಹಾಕುವ ಕ್ರಮ. ಬೇಸಿಗೆ ರಜೆಯಲ್ಲಿ ಚಿಕ್ಕಪ್ಪನ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ನಾನೇ ಕೂತು ಹಾಕಿದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ಆಟದ ಕಡತವನ್ನು ನೇರವಾಗಿ ಒತ್ತಿದರೆ ಓಡುವುದಿಲ್ಲ. ಇದು ಡಾಸ್ ಎಂಬ ಹಳೇ ವ್ಯವಸ್ಥೆಗೆ ಬರೆದ 16 ಬಿಟ್ಟಿನ ಪ್ರೋಗ್ರಾಮು. 64 ಬಿಟ್ಟಿನ ವಿಂಡೋಸಿಗೆ ಅದರ ಭಾಷೆಯೇ ಅರ್ಥವಾಗುವುದಿಲ್ಲ. ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯ ಹೆಸರು ಡಾಸ್‌ಬಾಕ್ಸ್. 2002ರಿಂದ ಇದೆ, ಬಿಟ್ಟಿಯಾಗಿ ಸಿಗುತ್ತದೆ, ಕಾನೂನು ಪ್ರಕಾರವೇ ಬಿಟ್ಟಿ. ಡಾಸ್‌ಬಾಕ್ಸ್ ಕಂಪ್ಯೂಟರಿನೊಳಗೆ ಇನ್ನೊಂದು ಹಳೇ ಕಂಪ್ಯೂಟರಿನ ವೇಷ ಹಾಕುತ್ತದೆ. ಆಟ ತಾನು 1991ರಲ್ಲೇ ಇದ್ದೇನೆ ಎಂದುಕೊಂಡು ಸುಮ್ಮನೆ ಓಡುತ್ತದೆ.

ಡಿ ಡ್ರೈವಿನಲ್ಲಿ 'ಆಟ' ಎಂದು ಒಂದು ಫೋಲ್ಡರ್ ಮಾಡಿ. (ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ ಅಷ್ಟೇ.) ಹೆಸರು ಎಂಟು ಅಕ್ಷರ ದಾಟಬಾರದು, ನಡುವೆ ಜಾಗ ಬಿಡಬಾರದು, ಡಾಸ್ ಕಾಲದ ಕಟ್ಟುನಿಟ್ಟು ಅದು. ಅದರೊಳಗೆ 'ಸ್ಕಾರ್ಚ್' ಎಂಬ ಇನ್ನೊಂದು ಫೋಲ್ಡರ್ ಮಾಡಿ, ಜಿಪ್ ಕಡತ ಬಿಚ್ಚಿ ಎಲ್ಲವನ್ನೂ ಅಲ್ಲಿಗೆ ಸುರಿಯಿರಿ. ಡಾಸ್‌ಬಾಕ್ಸ್ ತೆರೆದರೆ ಕಪ್ಪು ಕಿಟಕಿಯಲ್ಲಿ 'ಝಡ್' ಎಂದು ಬರುತ್ತದೆ. ಅಲ್ಲಿ 'ಮೌಂಟ್ ಸಿ ಡಿ:\ಆಟ' ಎಂದು ಹೊಡೆದು ಎಂಟರ್. ಆಮೇಲೆ 'ಸಿ:' ಎಂಟರ್. 'ಸಿಡಿ ಸ್ಕಾರ್ಚ್' ಎಂಟರ್. ಕೊನೆಗೆ 'ಸ್ಕಾರ್ಚ್' ಎಂಟರ್. ಆಟ ಬಂತು. ಇಡೀ ನಿಜವಾದ ಸಿ ಡ್ರೈವನ್ನೇ ಮೌಂಟ್ ಮಾಡಲು ಹೋಗಬೇಡಿ. ಬಾಡಿಗೆಗೆ ಬಂದವನಿಗೆ ಒಂದು ಕೋಣೆ ಕೊಟ್ಟರೆ ಸಾಕು, ಮನೆ ಪೂರ್ತಿ ಬೀಗದ ಕೈ ಕೊಡುತ್ತಾರೆಯೇ?

ಮೌಸು ಕಿಟಕಿಯೊಳಗೆ ಸಿಕ್ಕಿಹಾಕಿಕೊಂಡು ಹೊರಗೆ ಬರಲಿಲ್ಲ ಅಂದರೆ ಗಾಬರಿಯಾಗಿ ಪ್ಲಗ್ ಕೀಳಬೇಡಿ, ಕಂಟ್ರೋಲ್ ಹಿಡಿದು ಎಫ್10 ಒತ್ತಿ. ಆಲ್ಟ್ ಹಿಡಿದು ಎಂಟರ್ ಒತ್ತಿದರೆ ಪರದೆ ತುಂಬ ಬರುತ್ತದೆ. ಗುಂಡು ಕಣ್ಣಿಗೆ ಕಾಣದಷ್ಟು ವೇಗವಾಗಿ ಹಾರಿದರೆ ಕಂಟ್ರೋಲ್ ಎಫ್11 ಒತ್ತುತ್ತಾ ನಿಧಾನ ಮಾಡಿ, ಕುಂಟಿದರೆ ಎಫ್12. ಆಟದ ಮೊದಲ ಪುಟದಲ್ಲೇ ಎಷ್ಟು ಆಟಗಾರರು, ಎಷ್ಟು ಸುತ್ತು ಎಂದು ಕೇಳುತ್ತದೆ. ಗುರುತ್ವ, ಗಾಳಿ, ಗೋಡೆಗೆ ಬಡಿದ ಗುಂಡು ಪುಟಿಯಬೇಕೋ ಬೇಡವೋ, ನೆಲ ಚಪ್ಪಟೆಯೋ ಗುಡ್ಡಗಾಡೋ, ಎಲ್ಲವನ್ನೂ ನಾವೇ ತಿದ್ದಬಹುದು. ನನಗೆ ಇಷ್ಟವಾದ ಜಾಗ ಅದೇ. ಆಡುವುದಕ್ಕಿಂತ ಹೊಂದಿಸುವುದರಲ್ಲೇ ನಾನು ಹೆಚ್ಚು ಹೊತ್ತು ಕಳೆದೆ. ಗುರುತ್ವ ಕಡಿಮೆ ಮಾಡಿದರೆ ಗುಂಡು ಎಷ್ಟು ಹೊತ್ತು ಮೇಲೇ ತೇಲುತ್ತದೆ ಎಂದು ನೋಡಿದವರಿಗೆ ಚಂದ್ರನ ಮೇಲೆ ತೂಕ ಆರರಲ್ಲಿ ಒಂದು ಪಾಲು ಎಂಬ ಪಾಠ ಬಾಯಿಪಾಠ ಮಾಡಬೇಕಾಗಿಲ್ಲ. ಟ್ಯಾಂಕುಗಳು ಗುಂಡು ಹಾರಿಸುವಾಗಲೂ ಸಾಯುವಾಗಲೂ ಏನಾದರೂ ಒಂದು ಮಾತು ಆಡುವಂತೆಯೂ ಮಾಡಬಹುದು. ಆ ಮಾತುಗಳು ಬೇರೆ ಕಡತದಲ್ಲಿವೆ, ಬಿಚ್ಚಿ ನಮ್ಮದನ್ನು ಬರೆಯಬಹುದು. ಚಿಕ್ಕಪ್ಪನ ಲ್ಯಾಪ್‌ಟಾಪಿನಲ್ಲಿ ಸಾಯುವ ಟ್ಯಾಂಕು ಈಗ ಇಂಗ್ಲಿಷ್ ಅಕ್ಷರದಲ್ಲಿ 'ಅಯ್ಯೋ ಸತ್ನಲ್ಲಪ್ಪೋ' ಅನ್ನುತ್ತದೆ.

ಈಗ ದುಡ್ಡಿನ ವಿಷಯ. 'ಕಂಪ್ಯೂಟರಿಗೆ ಯಾವುದೋ ಕಳ್ಳ ಕಾಪಿ ಹಾಕಿ ಶಾಲೆಗೆ ತೊಂದರೆ ತರಬೇಡಿ' ಎಂದು ನಮ್ಮ ಗುರುಗಳೊಬ್ಬರು ಹೇಳಿದರು. ಸರಿಯಾದ ಮಾತು. ಪೇಟೆಯ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಸಿನಿಮಾ ತುಂಬಿಸಿಕೊಂಡು ಬರುವ ನಮಗೆ ಅದು ಬೇಕಾದ ಮಾತೂ ಹೌದು. ಆದರೆ ಈ ಆಟ ಆ ಲೆಕ್ಕಕ್ಕೆ ಬರುವುದಿಲ್ಲ. ಇದು 'ಶೇರ್‌ವೇರ್'. 1982ರಲ್ಲಿ ಅಮೆರಿಕದಲ್ಲಿ ಆಂಡ್ರ್ಯೂ ಫ್ಲೂಗಲ್‌ಮನ್, ಜಿಮ್ ನಾಪ್ ಎಂಬ ಇಬ್ಬರು ಬೇರೆ ಬೇರೆಯಾಗಿಯೇ ಈ ಪದ್ಧತಿ ಶುರುಮಾಡಿದರು. ಪ್ರೋಗ್ರಾಮನ್ನು ಯಾರು ಬೇಕಾದರೂ ನಕಲು ಮಾಡಿ ಗೆಳೆಯರಿಗೆ ಕೊಡಿ, ಉಪಯೋಗಕ್ಕೆ ಬಂದರೆ ಮಾತ್ರ ನನಗೆ ಇಷ್ಟು ದುಡ್ಡು ಕಳಿಸಿ ಎಂದು ಅದರೊಳಗೇ ಬರೆದುಬಿಟ್ಟರು. ಅಂಗಡಿ ಇಲ್ಲ, ಜಾಹೀರಾತು ಇಲ್ಲ. ಕೈಯಿಂದ ಕೈಗೆ ಹೋಗುವುದೇ ವ್ಯಾಪಾರ.

ಆಮೇಲೆ ಬಂದ ಕೆಲವು ಕಂಪನಿಗಳು ಆಟದ ಮೊದಲ ಭಾಗ ಮಾತ್ರ ಬಿಟ್ಟಿ ಹಂಚಿ, ರುಚಿ ಹತ್ತಿದ ಮೇಲೆ ಉಳಿದದ್ದಕ್ಕೆ ದುಡ್ಡು ಕೇಳಿದವು. 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಹಾಗೆಯೇ ಲೋಕವೆಲ್ಲ ಹಬ್ಬಿತು. ಸಂತೆಯಲ್ಲಿ ಹಲಸಿನ ಹಣ್ಣಿನವನು ಒಂದು ತೊಳೆ ಕೈಗೆ ಕೊಟ್ಟು 'ತಿಂದು ನೋಡವ್ವ, ಸಿಹಿ ಇದ್ರೆ ತಗೋ' ಅನ್ನುವುದಿಲ್ಲವೇ, ಹಾಗೆ. ಹಿಕೆನ್ ಹಂಚಿದ್ದು ಮಾತ್ರ ತೊಳೆಯಲ್ಲ, ಮಜವಾಗಿ ಆಡುವುದಕ್ಕೆ ಸಾಕಾಗುವ ಹಣ್ಣೇ. ಇಷ್ಟಪಟ್ಟವರು ನೋಂದಣಿ ಹಣ ಕಳಿಸಬೇಕು ಎಂದು ಕೇಳಿಕೊಂಡಿದ್ದ, ಕಳಿಸದಿದ್ದವರ ಮನೆ ಬಾಗಿಲಿಗೆ ಬರಲಿಲ್ಲ. ಆದ್ದರಿಂದ ಶೇರ್‌ವೇರ್ ಪ್ರತಿಯನ್ನು ಹಾಕಿದರೆ ನಾವು ಕಳ್ಳರಾಗುವುದಿಲ್ಲ. ಆದರೆ ನೋಂದಣಿ ಮಾಡಿದವರ ಪ್ರತಿಯನ್ನು ಯಾರೋ ಕೊಟ್ಟರು ಅಂತ ಹಾಕಿದರೆ ಆಗುತ್ತೇವೆ. ಈ ಗೆರೆ ಎಲ್ಲಿದೆ ಎಂದು ಗೊತ್ತಿರಬೇಕು. ನೈತಿಕ ಶಿಕ್ಷಣದ ಅವಧಿಯಲ್ಲಿ ಪ್ರಾಮಾಣಿಕತೆ ಎಂದರೆ ಬಿದ್ದು ಸಿಕ್ಕ ಕೈಚೀಲ ಹಿಂದಿರುಗಿಸುವ ಕಥೆ ಒಂದೇ ಹೇಳುತ್ತಾರೆ. ನನಗೆ ಇದುವರೆಗೆ ಒಂದು ಕೈಚೀಲವೂ ಸಿಕ್ಕಿಲ್ಲ. ನಕಲು ಮಾಡುವ ಅವಕಾಶ ಮಾತ್ರ ದಿನಾ ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪಣೆ ಯುದ್ಧದ್ದು. ಸಮಾಜ ವಿಜ್ಞಾನದ ಮೇಡಂ 'ಮಕ್ಕಳ ಕೈಗೆ ಯುದ್ಧದ ಆಟ ಯಾಕೆ, ಪಬ್ಜಿ ಹುಚ್ಚು ಸಾಲದೇ' ಅಂದರು. ಪಬ್ಜಿ ಮೊಬೈಲನ್ನು 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ನಿಷೇಧಿಸಿದಾಗ ನಮ್ಮೂರ ಅರಳಿಕಟ್ಟೆ ಮೇಲೆ ಕೂತ ಹುಡುಗರ ಮುಖ ನೋಡಿದವರಿಗೆ ಮೇಡಂ ಮಾತು ಸುಳ್ಳು ಅನ್ನಿಸುವುದಿಲ್ಲ. ಹಾಗಂತ ಚದುರಂಗವೂ ಯುದ್ಧವೇ ಅಲ್ಲವೇ? ಆನೆ, ಕುದುರೆ, ಕಾಲಾಳು ಎಲ್ಲ ಇಟ್ಟುಕೊಂಡು ರಾಜನನ್ನು ಮುತ್ತುತ್ತೇವೆ, ಅದಕ್ಕೆ ತಾಲ್ಲೂಕು ಮಟ್ಟಕ್ಕೆ ಕಳಿಸಿ ಪ್ರಶಸ್ತಿಪತ್ರ ಕೊಡುತ್ತೀರಿ. ಜಗಲಿ ಮೇಲೆ ಅಜ್ಜಿ ಕಲಿಸಿದ ಹುಲಿ ಕುರಿ ಆಟದಲ್ಲಿ ಹುಲಿ ಕುರಿಯನ್ನು ಮುದ್ದಿಸುವುದಿಲ್ಲ. ಆಟದೊಳಗೆ ಯುದ್ಧ ಇರುವುದು ತಪ್ಪಲ್ಲ. ಯೋಚನೆ ಮಾಡುವುದಕ್ಕೆ ಪುರುಸೊತ್ತೇ ಕೊಡದೆ ಬೆರಳನ್ನು ಮಾತ್ರ ಓಡಿಸುವ ಆಟ ತಪ್ಪು. ಇಲ್ಲಿ ಎದುರಾಳಿ ಗುಂಡು ಹಾರಿಸುವ ತನಕ ಕಾಯಬೇಕು, ಅದು ಎಲ್ಲಿ ಬಿತ್ತು ಎಂದು ನೋಡಬೇಕು, ಆಮೇಲೆ ನಮ್ಮ ಲೆಕ್ಕ.

ಆದರೂ ಮೇಡಂ ಹೇಳಿದ್ದರಲ್ಲಿ ಒಂದು ಅಂಶ ನನ್ನನ್ನು ಬಿಡಲಿಲ್ಲ. ಸುತ್ತು ಸುತ್ತಿನ ನಡುವೆ ಆಟದಲ್ಲಿ ಒಂದು ಅಂಗಡಿ ತೆರೆಯುತ್ತದೆ. ಗೆದ್ದ ದುಡ್ಡಿನಲ್ಲಿ ಆಯುಧ ಕೊಳ್ಳಬಹುದು. ಆ ಪಟ್ಟಿಯಲ್ಲಿ ಅಣುಬಾಂಬು ಇದೆ, ನೇಪಾಮ್ ಇದೆ. ನೇಪಾಮ್ ಅಂದರೆ ಮೈಗೆ ಅಂಟಿಕೊಂಡು ಉರಿಯುವ ಬೆಂಕಿ. 1972ರ ಜೂನ್ 8ರಂದು ವಿಯೆಟ್ನಾಮಿನ ಒಂದು ಹಳ್ಳಿಯ ಮೇಲೆ ಅದು ಬಿದ್ದಾಗ, ಸುಟ್ಟ ಮೈಯಲ್ಲಿ ಅಳುತ್ತಾ ರಸ್ತೆಯಲ್ಲಿ ಓಡಿ ಬಂದ ಒಂಬತ್ತು ವರ್ಷದ ಹುಡುಗಿ ಕಿಮ್ ಫುಕ್ ಫೋಟೋ ಪ್ರಪಂಚವೆಲ್ಲ ನೋಡಿದೆ. ಅದನ್ನು ನೋಡಿದ ಮೇಲೆ ಆ ಹೆಸರಿನ ಮೇಲೆ ಕೀಲಿ ಒತ್ತುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಆಟದ ಹೆಸರೂ ಅಂಥದ್ದೇ, 'ಸುಟ್ಟ ನೆಲ'. ಹಿಂದೆ ಸರಿಯುವ ಸೈನ್ಯ ಶತ್ರುವಿಗೆ ಏನೂ ಸಿಗಬಾರದೆಂದು ಬೆಳೆ, ಮೇವು ಎಲ್ಲ ಸುಟ್ಟು ಹೋಗುವ ಯುದ್ಧತಂತ್ರ. 1812ರಲ್ಲಿ ನೆಪೋಲಿಯನ್ ರಷ್ಯಾಕ್ಕೆ ನುಗ್ಗಿದಾಗ ರಷ್ಯನ್ನರು ಅದನ್ನೇ ಮಾಡಿದರು. ಅಷ್ಟು ದೂರ ಯಾಕೆ, 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಕಡೆ ಬಂದಾಗ ಟಿಪ್ಪುವಿನ ಸೈನ್ಯವೂ ದಾರಿಯ ಮೇವು, ಬೆಳೆ ನಾಶಮಾಡಿತ್ತು. ಎತ್ತುಗಳು ಸತ್ತು ಇಂಗ್ಲಿಷರು ದೊಡ್ಡ ಫಿರಂಗಿಗಳನ್ನು ಅಲ್ಲೇ ಹಾಳುಮಾಡಿ ಹಿಂದಿರುಗಬೇಕಾಯಿತು. ಪುಸ್ತಕದಲ್ಲಿ ಅದನ್ನು ಜಾಣತನ ಎಂದು ಓದುತ್ತೇವೆ. ಸುಟ್ಟ ಹೊಲ ಯಾವ ರೈತನದ್ದು ಎಂದು ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

ಅದಕ್ಕೆ ನನ್ನದೊಂದು ನಿಯಮ: ನಮ್ಮ ಶಾಲೆಯಲ್ಲಿ ಆಡುವಾಗ ಅಂಗಡಿಯಿಂದ ಯಾವ ಆಯುಧವನ್ನೂ ಕೊಳ್ಳಬಾರದು. 'ಬೇಬಿ ಮಿಸೈಲ್' ಎಂಬ ಚಿಕ್ಕ ಗುಂಡು ಎಲ್ಲರಿಗೂ ಬಿಟ್ಟಿ ಇರುತ್ತದೆ. ಅದೊಂದರಲ್ಲೇ ಆಡೋಣ. ಅದು ಬಿದ್ದಲ್ಲಿ ಸಣ್ಣ ಗುಳಿ ಬೀಳುತ್ತದೆ ಅಷ್ಟೆ. ಪಕ್ಕದಲ್ಲಿ ಬಿದ್ದರೆ ಪ್ರಯೋಜನವಿಲ್ಲ, ಸರಿಯಾಗಿ ಟ್ಯಾಂಕಿನ ಮೇಲೇ ಬೀಳಬೇಕು. ದೊಡ್ಡ ಬಾಂಬು ಕೊಂಡವನಿಗೆ ಲೆಕ್ಕ ಬರದಿದ್ದರೂ ನಡೆಯುತ್ತದೆ. ಯುದ್ಧ ಪೂರ್ತಿ ಬೇಡವೇ ಬೇಡ ಅನ್ನುವುದಾದರೆ, 1991ರಲ್ಲೇ ಡಾಸ್ 5ರ ಜೊತೆ ಬಿಟ್ಟಿ ಬಂದ 'ಗೊರಿಲ್ಲಾಸ್' ಆಟ ಇದೆ. ಎರಡು ಗೊರಿಲ್ಲಾಗಳು ಕಟ್ಟಡದ ಮೇಲೆ ನಿಂತು ಬಾಳೆಹಣ್ಣು ಎಸೆಯುತ್ತವೆ. ಕೋನ, ವೇಗ, ಗಾಳಿ ಎಲ್ಲ ಅದೇ. ಆದರೆ ಇಬ್ಬರೇ ಆಡಬಹುದು, ನಲವತ್ತು ಜನಕ್ಕೆ ಅದು ಮದುವೆ ಮನೆಗೆ ಒಂದು ಸೇರು ಅಕ್ಕಿ.

ಲೆಕ್ಕ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಗುಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಟಿತು ಎನ್ನಿ. ಗುರುತ್ವವನ್ನು ಸುಲಭಕ್ಕೆ 10 ಎಂದು ಹಿಡಿಯೋಣ, ಗಾಳಿ ಇಲ್ಲ. 45 ಡಿಗ್ರಿಯಲ್ಲಿ ಹೊಡೆದರೆ 40 ಮೀಟರ್ ದೂರ ಬೀಳುತ್ತದೆ, ಅದಕ್ಕಿಂತ ದೂರ ಯಾವ ಕೋನದಲ್ಲೂ ಹೋಗಲ್ಲ. 30 ಡಿಗ್ರಿಯಲ್ಲಿ ಹೊಡೆದರೆ ಸುಮಾರು 34.6 ಮೀಟರ್. 60 ಡಿಗ್ರಿಯಲ್ಲಿ? ಅಲ್ಲೂ ಅದೇ 34.6! ಎರಡು ಕೋನ ಕೂಡಿದರೆ 90 ಆಗುವುದಾದರೆ ಗುಂಡು ಒಂದೇ ಜಾಗಕ್ಕೆ ಬೀಳುತ್ತದೆ. ಹಾಗಾದರೆ ಯಾವುದನ್ನು ಆರಿಸಬೇಕು? 30ರ ಗುಂಡು 5 ಮೀಟರ್ ಮಾತ್ರ ಮೇಲೇರುತ್ತದೆ, 60ರದ್ದು 15 ಮೀಟರ್. ನಡುವೆ 10 ಮೀಟರಿನ ದಿಬ್ಬ ಇದ್ದರೆ 60ರಲ್ಲೇ ಹೊಡೆಯಬೇಕು. ಆದರೆ 60ರ ಗುಂಡು ಮೂರೂವರೆ ಸೆಕೆಂಡು ಗಾಳಿಯಲ್ಲಿರುತ್ತದೆ, 30ರದ್ದು ಎರಡೇ ಸೆಕೆಂಡು. ಅಂದರೆ ಗಾಳಿ ಬೀಸಿದಾಗ 60ರದ್ದೇ ಹೆಚ್ಚು ದಾರಿ ತಪ್ಪುತ್ತದೆ. ಇದನ್ನು ಬೋರ್ಡಿನ ಮೇಲೆ ಹೇಳಿಕೊಟ್ಟಿದ್ದರೆ ನಾನು ಆಕಳಿಸುತ್ತಿದ್ದೆ. ಆಟದಲ್ಲಿ ದಿಬ್ಬದ ಹಿಂದೆ ಅಡಗಿದ ಟ್ಯಾಂಕಿಗೆ ಗುರಿ ಸಿಕ್ಕದೆ ಏಳು ಗುಂಡು ಹಾಳಾದ ಮೇಲೆ, ಹತ್ತನೇ ತರಗತಿಯ ತ್ರಿಕೋನಮಿತಿ ಪುಸ್ತಕ ನಾನೇ ಹುಡುಕಿಕೊಂಡು ಹೋದೆ. ನಮ್ಮ ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನು ಬೇಕು?

ಇನ್ನೊಂದು ಮಾತು, ಇದನ್ನು ನೇರವಾಗಿಯೇ ಬರೆಯುತ್ತೇನೆ. 'ಹುಡುಗೀರಿಗೆ ಯಾಕೆ ಯುದ್ಧದಾಟ, ಕಂಪ್ಯೂಟರು' ಎಂದು ಕೆಲವರು ನಕ್ಕರು. ಮನೆಯಲ್ಲಿ ಒಂದೇ ಫೋನು, ಅದು ಅಣ್ಣ ತಮ್ಮಂದಿರ ಕೈಯಲ್ಲಿ. ಕಂಪ್ಯೂಟರ್ ಅವಧಿಯಲ್ಲಿ ಹುಡುಗರು ಕೀಲಿಮಣೆ ಮುಂದೆ, ನಾವು ಹಿಂದೆ ನಿಂತು ನೋಡುವವರು. ನಗುವವರು ಇದನ್ನು ಕೇಳಿಸಿಕೊಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ಫಿರಂಗಿ ಗುಂಡು ಎಲ್ಲಿ ಬೀಳುತ್ತದೆ ಎಂಬ ಕೋಷ್ಟಕಗಳು ಬೇಕಾಗಿದ್ದವು. ಅದನ್ನು ಕೈಯಲ್ಲಿ ಲೆಕ್ಕಹಾಕುತ್ತಿದ್ದವರು ಹೆಚ್ಚಾಗಿ ಹೆಂಗಸರು. 'ಕಂಪ್ಯೂಟರ್' ಎಂಬುದು ಆಗ ಅವರ ಹುದ್ದೆಯ ಹೆಸರು, ಯಂತ್ರದ್ದಲ್ಲ! ಒಂದು ಗುಂಡಿನ ದಾರಿ ಲೆಕ್ಕಹಾಕಲು ಒಬ್ಬರಿಗೆ ಸುಮಾರು 20 ಗಂಟೆ ಹಿಡಿಯುತ್ತಿತ್ತು. ಆ ಕೆಲಸಕ್ಕೆಂದೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎನಿಯಾಕ್ ಎಂಬ ಯಂತ್ರ ಕಟ್ಟಿದರು. ಸುಮಾರು 18,000 ನಿರ್ವಾತ ನಳಿಗೆಗಳು, 30 ಟನ್ ತೂಕ. ಅದಕ್ಕೆ ಅರ್ಧ ನಿಮಿಷ ಸಾಕಾಯಿತು. ಆದರೆ ಯಂತ್ರ ಮುಗಿಯುವಷ್ಟರಲ್ಲಿ ಯುದ್ಧವೇ ಮುಗಿದಿತ್ತು.

1946ರ ಫೆಬ್ರವರಿಯಲ್ಲಿ ಅದನ್ನು ಜನರಿಗೆ ತೋರಿಸಿದಾಗ ಗುಂಡಿನ ದಾರಿಯ ಲೆಕ್ಕವನ್ನು ಯಂತ್ರಕ್ಕೆ ಹೊಂದಿಸಿಕೊಟ್ಟವರು ಹೆಂಗಸರೇ. ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರೂತ್ ಲಿಕ್ಟರ್‌ಮನ್ ಎಂಬ ಆರು ಜನ ಆ ಯಂತ್ರದ ಮೊದಲ ಪ್ರೋಗ್ರಾಮರುಗಳು. ಅವರನ್ನು ಗೌರವಿಸಿ ಸನ್ಮಾನ ಪಟ್ಟಿಗೆ ಸೇರಿಸಿದ್ದು 1997ರಲ್ಲಿ, ಅಂದರೆ 51 ವರ್ಷ ಆದ ಮೇಲೆ. ಈ ಆಟದಲ್ಲಿ ಸ್ಪೇಸ್ ಒತ್ತಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವುದು ಅವರು ಮಾಡುತ್ತಿದ್ದ ಅದೇ ಲೆಕ್ಕ. ಹೀಗಿರುವಾಗ ಹಿಂದೆ ನಿಂತು ನೋಡಬೇಕಾದವರು ನಾವು ಯಾಕೆ ಆಗಬೇಕು?

ಆದ್ದರಿಂದ ಶನಿವಾರದ ಆ ಒಂದು ಗಂಟೆಯಲ್ಲಿ ಎರಡು ಕಂಪ್ಯೂಟರು ಹುಡುಗಿಯರಿಗೆ, ಎರಡು ಹುಡುಗರಿಗೆ ಎಂದು ಮೊದಲೇ ಬರೆದಿಡಬೇಕು. ಬೆರೆಸಿ ಕೂರಿಸಿದರೆ ಇನ್ನೂ ಒಳ್ಳೆಯದು, ಆದರೆ ಮೊದಲ ತಿಂಗಳು ಬೇಡ. ಕೀಲಿಮಣೆ ಯಾರ ಕೈಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಪ್ರತಿಯೊಬ್ಬರೂ ಒಂದು ರಫ್ ಪುಸ್ತಕ ತರಬೇಕು. ಗುಂಡು ಹಾರಿಸುವ ಮೊದಲು ಕೋನ, ಶಕ್ತಿ, ಗಾಳಿ ಮೂರನ್ನೂ ಬರೆದು, ಬಿದ್ದ ಮೇಲೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಎದುರಿಗೆ ಬರೆಯಬೇಕು. ಬರೆಯದವರ ಸರದಿ ಮುಂದಿನವರಿಗೆ. ಆಟದಲ್ಲಿ ಕಂಪ್ಯೂಟರೇ ಆಡಿಸುವ ಎದುರಾಳಿಗಳೂ ಇದ್ದಾರೆ. 'ಮೋರಾನ್' ಎಂಬ ಪೆದ್ದ ಎಲ್ಲೆಂದರಲ್ಲಿ ಹೊಡೆಯುತ್ತಾನೆ, 'ಟಾಸರ್' ಎಂಬುವನು ಹಿಂದಿನ ಗುಂಡು ಎಲ್ಲಿ ಬಿತ್ತೆಂದು ನೋಡಿ ಮುಂದಿನದನ್ನು ತಿದ್ದುತ್ತಾನೆ. ನಮ್ಮ ಮೊದಲ ಪಂದ್ಯ ಟಾಸರ್ ವಿರುದ್ಧವೇ ಇರಲಿ. ಪುಸ್ತಕ ಇಟ್ಟುಕೊಂಡವರು ಅವನನ್ನು ಎಷ್ಟನೇ ಸುತ್ತಿನಲ್ಲಿ ಹಿಡಿಯುತ್ತಾರೆ ನೋಡೋಣ.

ಡಾಸ್‌ಬಾಕ್ಸೂ ಆಟದ ಶೇರ್‌ವೇರ್ ಪ್ರತಿಯೂ ಚಿಕ್ಕಪ್ಪ ಕೊಟ್ಟ ಪೆನ್‌ಡ್ರೈವಿನಲ್ಲಿವೆ. ವೈರಸ್ ಇದೆಯೋ ಎಂದು ಮೇಷ್ಟ್ರೇ ಪರೀಕ್ಷಿಸಿ ಹಾಕಲಿ, ನಾನು ಪಕ್ಕದಲ್ಲಿ ನಿಂತು ಹೇಳುತ್ತೇನೆ. ಹತ್ತು ನಿಮಿಷದ ಕೆಲಸ. ಎಸ್.ಡಿ.ಎಂ.ಸಿ. ಮುಂದಿನ ಸಭೆ ಹುಣ್ಣಿಮೆ ಆದ ಮೇಲಂತೆ, ಅಷ್ಟರೊಳಗೆ ಎರಡು ಶನಿವಾರ ಸಿಗುತ್ತವೆ. ಗುಜರಿಗೆ ಹಾಕುವ ಮೊದಲು ಸದಸ್ಯರೂ ಒಮ್ಮೆ ಬಂದು ಟಾಸರ್ ಜೊತೆ ಆಡಿ ಹೋಗಲಿ. ರಟ್ಟಿನ ಪೆಟ್ಟಿಗೆ ಇಳಿಸಿ ಧೂಳು ಹೊಡೆಯುವುದಕ್ಕೆ ನಾವು ಒಂಬತ್ತು ಜನ ಹುಡುಗಿಯರು ಆಗಲೇ ಹೆಸರು ಕೊಟ್ಟಿದ್ದೇವೆ, ಹುಡುಗರಲ್ಲಿ ಇಬ್ಬರು. ಪಟ್ಟಿ ಈ ಹಾಳೆಯ ಕೆಳಗೇ ಅಂಟಿಸಿದೆ, ಪೆನ್ಸಿಲ್ ದಾರದಲ್ಲಿ ಕಟ್ಟಿದೆ. ದಯವಿಟ್ಟು ಪೆನ್ಸಿಲ್ ಬಿಚ್ಚಿಕೊಂಡು ಹೋಗಬೇಡಿ. ಯು.ಪಿ.ಎಸ್. ಬ್ಯಾಟರಿ ಸತ್ತುಹೋಗಿ ವರ್ಷವಾಯಿತು, ಹಾಗಾಗಿ ಕರೆಂಟು ಹೋದರೆ ಆ ದಿನದ ಯುದ್ಧ ಅಲ್ಲಿಗೇ ನಿಲ್ಲುತ್ತದೆ.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ